‘ಮಿಲ್ಕ್’: ಮತಗಳ ಲೆಕ್ಕ ಬಲ್ಲವನ ಕಥೆ

ಗಸ್ ವ್ಯಾನ್ ಸ್ಯಾಂಟ್ ನಿರ್ದೇಶಿಸಿದ ‘ಮಿಲ್ಕ್’ (2008) ತನ್ನ ನಾಯಕನ ಸಾವನ್ನು ಕೊನೆಯವರೆಗೆ ಬಚ್ಚಿಟ್ಟು ಕುತೂಹಲ ಹುಟ್ಟಿಸಲು ಹೋಗುವುದಿಲ್ಲ. ಸಲಿಂಗಿಗಳ ಮದ್ಯದಂಗಡಿಗಳ ಮೇಲೆ ದಾಳಿ ಮಾಡಿದ ಪೊಲೀಸರು ಗಂಡಸರನ್ನು ಸಾಲಾಗಿ ವ್ಯಾನಿಗೆ ಹತ್ತಿಸುತ್ತಿರುವ, ಆ ಗಂಡಸರು ಕ್ಯಾಮೆರಾಗೆ ಸಿಗದಂತೆ ಮುಖ ಮರೆಸಿಕೊಳ್ಳುತ್ತಿರುವ ಹಳೆಯ ಸುದ್ದಿಚಿತ್ರಗಳಿಂದ ಸಿನಿಮಾ ಶುರುವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ಅಲ್ಲಿನ ಆಡಳಿತ ಮಂಡಳಿಯ ಸದಸ್ಯ, ಅಂದರೆ ಸೂಪರ್‌ವೈಸರ್ ಹಾರ್ವಿ ಮಿಲ್ಕ್ ಇಬ್ಬರನ್ನೂ ಗುಂಡಿಟ್ಟು ಕೊಲ್ಲಲಾಗಿದೆ ಎಂದು 1978ರ ನವೆಂಬರ್ 27ರಂದು ಆ ಮಂಡಳಿಯ ಅಧ್ಯಕ್ಷೆ ಡಯಾನ್ ಫೈನ್‌ಸ್ಟೈನ್ ಪತ್ರಕರ್ತರ ಮುಂದೆ ಪ್ರಕಟಿಸಿದ ದೃಶ್ಯವೂ ಮೊದಲ ಕೆಲವೇ ನಿಮಿಷಗಳಲ್ಲಿ ಬಂದುಹೋಗುತ್ತದೆ. ಆಮೇಲೆ ಮಿಲ್ಕ್ ತನ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ತಾನು ಹತ್ಯೆಗೊಳಗಾದರೆ ಮಾತ್ರ ಕೇಳಿಸಬೇಕೆಂದು ಟೇಪ್ ರೆಕಾರ್ಡರಿನಲ್ಲಿ ಮಾತುಗಳನ್ನು ದಾಖಲಿಸತೊಡಗುತ್ತಾನೆ. ಇಡೀ ಕಥೆ ಆ ಧ್ವನಿಯ ಬೆನ್ನು ಹಿಡಿದು ಸಾಗುತ್ತದೆ. ನಿಜಜೀವನದಲ್ಲಿ ಮಿಲ್ಕ್ ಈ ಧ್ವನಿಮುದ್ರಣ ಮಾಡಿದ್ದು ಚುನಾವಣೆ ಗೆದ್ದ ಕೆಲವೇ ದಿನಗಳಲ್ಲಿ, 1977ರ ನವೆಂಬರಿನಲ್ಲಿ. ಗೆಲುವಿನ ಸಂಭ್ರಮ ಇನ್ನೂ ಆರಿರದಿದ್ದ ಹೊತ್ತಿನಲ್ಲಿ, ತಾನು ಸತ್ತರೆ ತನ್ನ ಸ್ಥಾನಕ್ಕೆ ಯಾರನ್ನು ನೇಮಿಸಬಹುದು, ಯಾರನ್ನು ಕೂಡದು ಎಂಬುದನ್ನೂ ಆತ ಅದರಲ್ಲಿ ಹೇಳಿಟ್ಟಿದ್ದ.

ಸಾವಿನ ಅಂಚಿನಲ್ಲಿ ಕುಳಿತೂ ಉತ್ತರಾಧಿಕಾರಿಗಳ ಪಟ್ಟಿ ಮಾಡುವ ಈ ಸ್ವಭಾವವನ್ನು ಚಿತ್ರಕಥೆಗಾರ ಡಸ್ಟಿನ್ ಲ್ಯಾನ್ಸ್ ಬ್ಲ್ಯಾಕ್ ಸರಿಯಾಗಿ ಗುರುತಿಸಿದ್ದಾರೆ. ಹುತಾತ್ಮರ ಕುರಿತ ಸಿನಿಮಾಗಳು ಸಾಮಾನ್ಯವಾಗಿ ನಾಯಕನನ್ನು ಪೀಠದ ಮೇಲೆ ಕೂರಿಸಿ ಆರತಿ ಎತ್ತುತ್ತವೆ. ‘ಮಿಲ್ಕ್’ ಕೂಡ ಅಲ್ಲಲ್ಲಿ ಆ ಆಸೆಗೆ ಬೀಳುತ್ತದೆಯಾದರೂ, ಅದರ ಬಹುಪಾಲು ಸಮಯ ಕರಪತ್ರ ಹಂಚುವುದರಲ್ಲಿ, ಫೋನು ಮಾಡುವುದರಲ್ಲಿ, ಸೋತ ಮೇಲೆ ಮತಗಳನ್ನು ಮತ್ತೆ ಕೂಡಿ ಕಳೆಯುವುದರಲ್ಲಿ ಕಳೆಯುತ್ತದೆ. ನನ್ನ ಮಟ್ಟಿಗೆ ಇದು ಹತ್ಯೆಯ ಕುರಿತ ಸಿನಿಮಾ ಅಲ್ಲ. ಚುನಾವಣೆಗಳ ಕುರಿತು ಅಮೆರಿಕದಲ್ಲಿ ಬಂದ ಒಳ್ಳೆಯ ಸಿನಿಮಾಗಳಲ್ಲಿ ಒಂದು.

ಹಾರ್ವಿ ಮಿಲ್ಕ್ ಹುಟ್ಟಿದ್ದು 1930ರ ಮೇ 22ರಂದು, ನ್ಯೂಯಾರ್ಕಿನ ಹೊರವಲಯದ ವುಡ್‌ಮಿಯರ್‌ನಲ್ಲಿ. ನೌಕಾಪಡೆಯ ಸೇವೆ, ಶಾಲಾ ಶಿಕ್ಷಕನ ಕೆಲಸ, ವಾಲ್ ಸ್ಟ್ರೀಟಿನ ಹಣಕಾಸು ಸಂಸ್ಥೆಯ ನೌಕರಿ ಇವನ್ನೆಲ್ಲ ದಾಟಿ ಬಂದ ಆ ಬದುಕಿನ ಬಹುಭಾಗದಲ್ಲಿ ಆತ ತನ್ನ ಸಲಿಂಗ ಪ್ರೇಮವನ್ನು ಮನೆಯವರಿಂದಲೂ ಸಹೋದ್ಯೋಗಿಗಳಿಂದಲೂ ಮುಚ್ಚಿಟ್ಟವನು. ಸಿನಿಮಾ ಈ ನಲವತ್ತು ವರ್ಷಗಳನ್ನು ಒಂದೇ ರಾತ್ರಿಯ ದೃಶ್ಯಕ್ಕೆ ಇಳಿಸಿಬಿಡುತ್ತದೆ: ನಲವತ್ತನೆಯ ಹುಟ್ಟುಹಬ್ಬದ ಹಿಂದಿನ ರಾತ್ರಿ ಸುರಂಗ ರೈಲು ನಿಲ್ದಾಣದಲ್ಲಿ ಸ್ಕಾಟ್ ಸ್ಮಿತ್ ಎಂಬ ಯುವಕನ ಪರಿಚಯವಾಗುತ್ತದೆ, ಹೆಮ್ಮೆಪಡುವಂಥದ್ದನ್ನು ಈವರೆಗೆ ಏನೂ ಮಾಡಲಿಲ್ಲವೆಂದು ಮಿಲ್ಕ್ ಅವನೆದುರು ಹೇಳಿಕೊಳ್ಳುತ್ತಾನೆ. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು 1973ರಲ್ಲಿ ಕ್ಯಾಸ್ಟ್ರೊ ಬೀದಿಯಲ್ಲಿ ಕ್ಯಾಮೆರಾ ಅಂಗಡಿಯೊಂದನ್ನು ತೆರೆಯುತ್ತಾರೆ. ಬರುಬರುತ್ತಾ ಆ ಅಂಗಡಿ ವ್ಯಾಪಾರದ ಜಾಗವಾಗಿ ಉಳಿಯದೆ ಪ್ರಚಾರ ಕಚೇರಿಯಾಗುತ್ತದೆ.

ಅಲ್ಲಿಂದ ಮುಂದೆ ಸಿನಿಮಾ ಚುರುಕಾಗುತ್ತದೆ. ಕೂರ್ಸ್ ಬಿಯರ್ ಕಂಪನಿಯ ವಿರುದ್ಧ ಲಾರಿ ಚಾಲಕರ ಒಕ್ಕೂಟ ಬಹಿಷ್ಕಾರ ಹೂಡಿದಾಗ, ಸಲಿಂಗಿಗಳ ಮದ್ಯದಂಗಡಿಗಳಲ್ಲಿ ಆ ಬಿಯರ್ ಮಾರದಂತೆ ಮಾಡುವ ಹೊಣೆಯನ್ನು ಮಿಲ್ಕ್ ಹೊರುತ್ತಾನೆ. ಬದಲಿಗೆ ಒಕ್ಕೂಟವು ಸಲಿಂಗಿ ಚಾಲಕರಿಗೆ ಕೆಲಸ ಕೊಡಿಸಬೇಕೆಂಬ ಷರತ್ತು ಹಾಕುತ್ತಾನೆ. ಅನುಕಂಪ ಬೇಡುವುದಕ್ಕಿಂತ ಸಹಕಾರದ ಬೆಲೆ ಕಟ್ಟಿ ವ್ಯವಹರಿಸುವುದು ಹೆಚ್ಚು ಬಾಳುವ ಸಂಬಂಧವೆಂದು ಆತ ಕಂಡುಕೊಂಡದ್ದು ಇಲ್ಲಿಯೇ.

ಆದರೂ ಆತ ಸೋಲುತ್ತಲೇ ಹೋದ. 1973ರಲ್ಲಿ ಸೂಪರ್‌ವೈಸರ್ ಸ್ಥಾನಕ್ಕೆ ನಿಂತು ಸೋತ. ಆಮೇಲೆ ಉದ್ದ ಕೂದಲು ಕತ್ತರಿಸಿ, ಗಡ್ಡ ತೆಗೆದು, ಸೂಟು ತೊಟ್ಟು 1975ರಲ್ಲಿ ಮತ್ತೆ ನಿಂತು ಸ್ವಲ್ಪದರಲ್ಲಿ ಗೆಲುವು ಕಳೆದುಕೊಂಡ. 1976ರಲ್ಲಿ ರಾಜ್ಯ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿ ಆರ್ಟ್ ಆಗ್ನೋಸ್ ಎದುರು ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಸೋತ. ಮಿಲ್ಕ್‌ನ ಭಾಷಣದಲ್ಲಿ ದೂರುಗಳೇ ತುಂಬಿವೆ, ಜನರಿಗೆ ಭರವಸೆ ಇಟ್ಟುಕೊಳ್ಳಲು ಏನಾದರೂ ಕೊಡಬೇಕು ಎಂದು ಇದೇ ಆಗ್ನೋಸ್ ಸಲಹೆ ಕೊಡುವುದನ್ನು ಸಿನಿಮಾ ತೋರಿಸುತ್ತದೆ. ಮುಂದೆ ಮಿಲ್ಕ್‌ನ ಹೆಸರಿನೊಂದಿಗೆ ಬಿಡಿಸಲಾಗದಂತೆ ಬೆಸೆದುಹೋದ ‘ಭರವಸೆ’ಯ ಮಾತು ಎದುರಾಳಿಯೊಬ್ಬನಿಂದ ಪಡೆದ ಪಾಠ ಎಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಈ ಸಿನಿಮಾಗಿದೆ.

ಕೊನೆಗೆ ಆತನನ್ನು ಗೆಲ್ಲಿಸಿದ್ದರಲ್ಲಿ ಭಾಷಣದ ಪಾಲಿನಷ್ಟೇ ನಿಯಮವೊಂದರ ಪಾಲೂ ಇತ್ತು. ನಗರದ ಆಡಳಿತ ಮಂಡಳಿಯ 11 ಸೂಪರ್‌ವೈಸರ್‌ಗಳನ್ನು ಅದುವರೆಗೆ ಇಡೀ ನಗರದ ಮತದಾರರು ಒಟ್ಟಾಗಿ ಆರಿಸುತ್ತಿದ್ದರು. ಹಾಗಾಗಿ ನಗರದುದ್ದಕ್ಕೂ ಪ್ರಚಾರ ಮಾಡುವಷ್ಟು ಹಣವಿದ್ದವರಿಗೆ ಮಾತ್ರ ದಾರಿ ಸುಗಮವಾಗಿತ್ತು. 1976ರಲ್ಲಿ ಮತದಾರರು ಈ ವಿಧಾನವನ್ನು ಬದಲಿಸಿ ಕ್ಷೇತ್ರವಾರು ಚುನಾವಣೆಗೆ ಒಪ್ಪಿಗೆ ಕೊಟ್ಟರು. ಮರುವರ್ಷ ಮಿಲ್ಕ್ 16 ಪ್ರತಿಸ್ಪರ್ಧಿಗಳ ನಡುವೆ, ಕ್ಯಾಸ್ಟ್ರೊ ಪ್ರದೇಶವನ್ನು ಒಳಗೊಂಡ ಐದನೆಯ ಕ್ಷೇತ್ರದಲ್ಲಿ, ಸುಮಾರು ಶೇ 30ರಷ್ಟು ಮತ ಪಡೆದು ಗೆದ್ದ. ತಾನು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ಗೆದ್ದ ಮೊದಲ ಗಂಡಸು ಆತ. ಅದೇ ನಿಯಮದ ಬಲದಿಂದ ಚೀನೀ ಮೂಲದ ಗಾರ್ಡನ್ ಲಾವ್, ಕಪ್ಪು ಸಮುದಾಯದ ಮಹಿಳೆ ಎಲಾ ಹಿಲ್ ಹಚ್ ಮುಂತಾದವರೂ ಮಂಡಳಿಗೆ ಬಂದರು. ಮತ್ತೊಂದು ಕ್ಷೇತ್ರದಿಂದ, ತಮ್ಮ ನಗರ ಕೈತಪ್ಪಿ ಹೋಗುತ್ತಿದೆಯೆಂದು ಕಳವಳಗೊಂಡಿದ್ದ ದುಡಿಯುವ ವರ್ಗದ ಮತದಾರರು ಡ್ಯಾನ್ ವೈಟ್ ಎಂಬ ಮಾಜಿ ಪೊಲೀಸನನ್ನು ಆರಿಸಿ ಕಳಿಸಿದರು. ಕೊಂದವನನ್ನೂ ಕೊಲೆಗೀಡಾದವನನ್ನೂ ಒಂದೇ ಚುನಾವಣಾ ಸುಧಾರಣೆ ಒಂದೇ ಸಭಾಂಗಣಕ್ಕೆ ತಂದಿತ್ತು. ಸಿನಿಮಾ ಈ ಅಂಶವನ್ನು ಒತ್ತಿ ಹೇಳದೆ ಮುಂದೆ ಹೋಗುತ್ತದೆ. ಅಷ್ಟು ಅವಸರ ಬೇಕಿರಲಿಲ್ಲ.

ಷಾನ್ ಪೆನ್ ಅವರ ಅಭಿನಯದ ಬಗ್ಗೆ ಸಾಕಷ್ಟು ಹೊಗಳಿಕೆ ಬಂದಿದೆ, ಅದಕ್ಕೆ ಅವರು ಅರ್ಹರು. ಬಿಗಿದ ದವಡೆಯ, ಸಿಡಿಮಿಡಿಯ ಪಾತ್ರಗಳಿಗೆ ಹೆಸರಾಗಿದ್ದ ನಟ ಇಲ್ಲಿ ನಗುವುದನ್ನು ಹೊಸದಾಗಿ ಕಲಿತವರಂತೆ ಕಾಣುತ್ತಾರೆ. ಆ ನಗುವಿನಲ್ಲಿ ಸ್ವಲ್ಪ ತುಂಟತನ, ಸ್ವಲ್ಪ ಮತ ಕೇಳುವವನ ಜಾಣ್ಮೆ ಎರಡೂ ಬೆರೆತಿವೆ. ನಾಯಿಗಳ ಮಲವನ್ನು ಸಾಕಿದವರೇ ಎತ್ತಬೇಕೆಂಬ ಕಾನೂನಿನ ಪ್ರಚಾರಕ್ಕಾಗಿ ಕ್ಯಾಮೆರಾಗಳೆದುರು ಬೇಕೆಂದೇ ಅದನ್ನು ತುಳಿದು ತೋರಿಸುವ ಪ್ರಸಂಗವೊಂದಿದೆ. ಇದು ನಿಜವಾಗಿ ನಡೆದದ್ದು. ಸಲಿಂಗಿಗಳ ಹಕ್ಕಿಗಾಗಿ ಬಂದವನನ್ನು ಉಳಿದ ಮತದಾರರೂ ತಮ್ಮವನೆಂದು ಏಕೆ ಒಪ್ಪಿಕೊಂಡರು ಎಂಬುದನ್ನು ಆ ಒಂದು ದೃಶ್ಯ ಹಲವು ಭಾಷಣಗಳಿಗಿಂತ ಚೆನ್ನಾಗಿ ತಿಳಿಸುತ್ತದೆ.

ಹ್ಯಾರಿಸ್ ಸವಿಡೆಸ್ ಅವರ ಛಾಯಾಗ್ರಹಣ ಹಳೆಯ ಸುದ್ದಿಚಿತ್ರಗಳ ಬಣ್ಣಕ್ಕೆ ಹೊಂದಿಕೊಳ್ಳುವಂತೆ ಇರುವುದರಿಂದ, ಅಸಲಿ ದೃಶ್ಯ ಎಲ್ಲಿ ಮುಗಿದು ಅಭಿನಯ ಎಲ್ಲಿ ಶುರುವಾಯಿತೆಂಬುದು ಕೆಲವೆಡೆ ಗೊತ್ತೇ ಆಗುವುದಿಲ್ಲ. ಚಿತ್ರೀಕರಣವೂ ಅದೇ ಕ್ಯಾಸ್ಟ್ರೊ ಬೀದಿಯಲ್ಲಿ, ಅದೇ ಪುರಭವನದಲ್ಲಿ ನಡೆಯಿತು. ಒಬ್ಬ ಸಲಿಂಗಿಯ ಕೊಲೆಯಾದ ಸ್ಥಳದಲ್ಲಿ ಮಿಲ್ಕ್ ಪೊಲೀಸನೊಂದಿಗೆ ಮಾತನಾಡುವುದನ್ನು ನೆಲದ ಮೇಲೆ ಬಿದ್ದ ಸೀಟಿಯ ಮೈಯ ಪ್ರತಿಬಿಂಬದಲ್ಲಿ ಮಾತ್ರ ತೋರಿಸಿದ್ದಾರೆ. ಅಪಾಯ ಬಂದಾಗ ಊದಲೆಂದು ಆ ಬೀದಿಯ ಜನ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಸೀಟಿಯದು.

ಸಿನಿಮಾದ ಅತ್ಯಂತ ಗಟ್ಟಿಯಾದ ಭಾಗ ಆರನೆಯ ಪ್ರಸ್ತಾವದ ವಿರುದ್ಧದ ಹೋರಾಟ. 1977ರ ಜೂನಿನಲ್ಲಿ ಗಾಯಕಿ ಅನಿತಾ ಬ್ರಯಂಟ್ ನೇತೃತ್ವದ ಪ್ರಚಾರದಿಂದಾಗಿ ಫ್ಲಾರಿಡಾದ ಡೇಡ್ ಕೌಂಟಿಯಲ್ಲಿ ಸಲಿಂಗಿಗಳಿಗೆ ರಕ್ಷಣೆ ಕೊಟ್ಟಿದ್ದ ಕಾನೂನು ಜನಮತದಲ್ಲಿ ರದ್ದಾಯಿತು. ಅದರಿಂದ ಹುರುಪುಗೊಂಡ ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಬ್ರಿಗ್ಸ್, ಸಲಿಂಗಿಗಳನ್ನಷ್ಟೇ ಅಲ್ಲದೆ ಅವರನ್ನು ಬಹಿರಂಗವಾಗಿ ಬೆಂಬಲಿಸುವವರನ್ನೂ ಸರ್ಕಾರಿ ಶಾಲೆಗಳ ಕೆಲಸದಿಂದ ತೆಗೆಯಲು ಅವಕಾಶ ಕೊಡುವ ಪ್ರಸ್ತಾವವನ್ನು ಜನಮತಕ್ಕೆ ತಂದ. ಸಮುದಾಯದ ಹಣವಂತ ಮುಖಂಡರು ಇದರ ವಿರುದ್ಧ ತಯಾರಿಸಿದ ಕರಪತ್ರದಲ್ಲಿ ಮಾನವ ಹಕ್ಕುಗಳ ದೊಡ್ಡ ಮಾತುಗಳಿವೆ, ಸಲಿಂಗಿ ಎಂಬ ಶಬ್ದ ಮಾತ್ರ ಇಲ್ಲ. ಮಿಲ್ಕ್ ಸಿಟ್ಟಿಗೇಳುತ್ತಾನೆ. ತಮಗೆ ಗೊತ್ತಿರುವ ಒಬ್ಬ ಸಲಿಂಗಿಯಾದರೂ ಇದ್ದರೆ ಜನ ನಮ್ಮ ವಿರುದ್ಧ ಮತ ಹಾಕುವುದು ಕಷ್ಟ, ಆದ್ದರಿಂದ ಪ್ರತಿಯೊಬ್ಬರೂ ಮನೆಯವರಿಗೆ, ಗೆಳೆಯರಿಗೆ, ಜೊತೆಗೆ ದುಡಿಯುವವರಿಗೆ ತಿಳಿಸಬೇಕು ಎಂಬುದು ಆತನ ವಾದ. ಅಷ್ಟಕ್ಕೇ ನಿಲ್ಲದೆ, ಕೋಣೆಯಲ್ಲಿದ್ದ ತರುಣನೊಬ್ಬನಿಗೆ ಆ ಕ್ಷಣವೇ ತಂದೆಗೆ ಫೋನ್ ಮಾಡಲು ಹೇಳುತ್ತಾನೆ. ನನಗೆ ಇಲ್ಲಿ ಇರಿಸುಮುರಿಸಾಯಿತು, ಆಗಬೇಕೆಂದೇ ಆ ದೃಶ್ಯವನ್ನು ಹಾಗೆ ಕಟ್ಟಿದ್ದಾರೆ. ಒಬ್ಬನ ಗುಟ್ಟು ಅವನದೇ ಸ್ವತ್ತು. ಅದನ್ನು ಚಳವಳಿಯ ಅಗತ್ಯಕ್ಕಾಗಿ ಕೊಡು ಎಂದು ಕೇಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಗೆ ಸಿನಿಮಾ ಸುಲಭದ ಉತ್ತರ ಕೊಡುವುದಿಲ್ಲ. ಚುನಾವಣೆಯ ಲೆಕ್ಕವಂತೂ ಮಿಲ್ಕ್‌ನ ಪರವಾಗಿಯೇ ಬಂತು. 1978ರ ನವೆಂಬರ್ 7ರಂದು ಪ್ರಸ್ತಾವ ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಿತು. ಸಂಪ್ರದಾಯವಾದಿಗಳ ನೆಚ್ಚಿನ ನಾಯಕ ರೊನಾಲ್ಡ್ ರೇಗನ್ ಅವರೂ ಅದನ್ನು ವಿರೋಧಿಸಿದ್ದರು.

ಇಷ್ಟರ ನಡುವೆ ಡ್ಯಾನ್ ವೈಟ್ ಕುಸಿಯುತ್ತಾ ಹೋಗುತ್ತಾನೆ. ಜಾಷ್ ಬ್ರೋಲಿನ್ ಈ ಪಾತ್ರವನ್ನು ಖಳನಂತೆ ಮಾಡದೆ, ರಾಜಕಾರಣದ ಭಾಷೆಯೇ ಬಾರದ ಮನುಷ್ಯನಂತೆ ಮಾಡಿದ್ದಾರೆ. ತನ್ನ ಕ್ಷೇತ್ರದಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರ ಬರದಂತೆ ತಡೆಯಲು ಮಿಲ್ಕ್‌ನ ಮತ ತನಗೆ ಸಿಗುತ್ತದೆಂದು ವೈಟ್ ನಂಬಿದ್ದ. ಮಿಲ್ಕ್ ಕೊನೆಗೆ ಇನ್ನೊಂದು ಕಡೆ ಮತ ಹಾಕಿದ. ವೈಟ್‌ಗೆ ಅದು ವಚನಭಂಗ, ಮಿಲ್ಕ್‌ಗೆ ದಿನನಿತ್ಯದ ವ್ಯವಹಾರ. ಮುಂದೆ ಸಲಿಂಗಿಗಳ ಹಕ್ಕುಗಳ ಮಸೂದೆ ಬಂದಾಗ ಅದನ್ನು ವಿರೋಧಿಸಿದ ಏಕೈಕ ಸೂಪರ್‌ವೈಸರ್ ವೈಟ್. ವರ್ಷಕ್ಕೆ 9,600 ಡಾಲರ್ ಸಂಬಳದಲ್ಲಿ ಸಂಸಾರ ನಡೆಸಲಾಗದೆ ನವೆಂಬರ್ 10ರಂದು ರಾಜೀನಾಮೆ ಕೊಟ್ಟ ಆತ, ಕೆಲವೇ ದಿನಗಳಲ್ಲಿ ಸ್ಥಾನವನ್ನು ಮರಳಿ ಕೇಳಿದ. ಅವನನ್ನು ಮತ್ತೆ ನೇಮಿಸಿದರೆ ಸಲಿಂಗಿಗಳ ಮತ ನಿಮಗಿಲ್ಲ ಎಂದು ಮಿಲ್ಕ್ ಮೇಯರ್‌ಗೆ ಖಡಾಖಂಡಿತವಾಗಿ ಹೇಳುವ ದೃಶ್ಯ ಸಿನಿಮಾದಲ್ಲಿದೆ. ಹಳೆಯ ಕಾಲದ ಪಾಳೆಯಗಾರ ರಾಜಕಾರಣಿಗಳಂತೆ ಮಾತನಾಡುತ್ತಿದ್ದೀಯ ಎಂದು ಮಾಸ್ಕೋನಿ ಛೇಡಿಸಿದಾಗ ಮಿಲ್ಕ್‌ಗೆ ಬೇಸರವಾಗುವುದಿಲ್ಲ, ಒಳಗೊಳಗೇ ಖುಷಿಯಾಗುತ್ತದೆ. ಅಧಿಕಾರ ಬೇಕು, ಅದನ್ನು ಬಳಸಲೂ ಬೇಕು ಎಂದುಕೊಂಡ ಸಲಿಂಗಿಯೊಬ್ಬನನ್ನು ಮುಜುಗರವಿಲ್ಲದೆ ತೋರಿಸಿದ್ದು ಈ ಸಿನಿಮಾದ ದೊಡ್ಡ ಧೈರ್ಯವೆಂದು ನಾನು ತಿಳಿದಿದ್ದೇನೆ.

ಧೈರ್ಯ ಕೈಕೊಡುವುದೂ ಇದೇ ಕಡೆ. ವೈಟ್ ತಾನೇ ಸಲಿಂಗಿಯಾಗಿದ್ದು ಅದನ್ನು ಅದುಮಿಟ್ಟಿರಬಹುದು ಎಂಬ ಸುಳಿವನ್ನು ಸಿನಿಮಾ ಮಿಲ್ಕ್‌ನ ಬಾಯಿಂದ ಹೊರಡಿಸುತ್ತದೆ. ಕೆಲಸ, ಸಂಬಳ, ಮರ್ಯಾದೆ, ಬದಲಾಗುತ್ತಿದ್ದ ನಗರ ಇವೆಲ್ಲ ಸೇರಿ ಕಟ್ಟಿಕೊಟ್ಟಿದ್ದ ಕಾರಣಗಳು ಸಾಲದೆಂಬಂತೆ ಒಂದು ಗುಪ್ತ ಬಯಕೆಯನ್ನು ತಂದಿಟ್ಟದ್ದು ನನಗೆ ಅಗ್ಗವಾಗಿ ಕಂಡಿತು. ಮಿಲ್ಕ್ ಸಾಯುವ ಗಳಿಗೆಯಲ್ಲಿ ಕಿಟಕಿಯಾಚೆಗಿನ ಆಪೆರಾ ಭವನದತ್ತ ನೋಡುವ ಚಿತ್ರಿಕೆಯೂ ಅಲಂಕಾರ ಹೆಚ್ಚಾದ ಜಾಗ. ಇನ್ನು ಪ್ರೇಮಿ ಜ್ಯಾಕ್ ಲೀರಾನ ಪಾತ್ರ ಗೊಂದಲವಾಗಿ ಬಂದು ದುರಂತವಾಗಿ ಮುಗಿಯುತ್ತದೆ, ಆತ ಯಾರೆಂಬುದು ಕೊನೆಗೂ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಲೋಪ ಹೆಂಗಸರದು. ಪ್ರಚಾರದ ಉಸ್ತುವಾರಿ ಹೊತ್ತ ಆ್ಯನ್ ಕ್ರೋನನ್‌ಬರ್ಗ್ ಒಬ್ಬಳನ್ನು ಬಿಟ್ಟರೆ ಈ ಕಥೆಯಲ್ಲಿ ಲೆಸ್ಬಿಯನ್ನರೇ ಇಲ್ಲ ಎನ್ನಬೇಕು. ಬ್ರಿಗ್ಸ್ ಎದುರಿನ ಚರ್ಚೆಗಳಲ್ಲಿ ಮಿಲ್ಕ್‌ನ ಪಕ್ಕದಲ್ಲಿ ಕುಳಿತು, ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಬ್ರಿಗ್ಸ್ ಮುಂದಿಟ್ಟ ವಾದಗಳನ್ನು ಒಡೆದುಹಾಕಿದ ಪ್ರಾಧ್ಯಾಪಕಿ ಸ್ಯಾಲಿ ಗಿಯರ್‌ಹಾರ್ಟ್ ಅವರನ್ನು ಸಿನಿಮಾ ಪೂರ್ತಿಯಾಗಿ ಕೈಬಿಟ್ಟಿದೆ. ಇಬ್ಬರು ಸೇರಿ ನಡೆಸಿದ ವಾದ ಪರದೆಯ ಮೇಲೆ ಒಬ್ಬ ಗಂಡಸಿನ ಜಾಣತನವಾಗಿಬಿಟ್ಟಿದೆ.

ಸಿನಿಮಾ ಬಿಡುಗಡೆಯಾದ ಸಮಯವೂ ವಿಚಿತ್ರವಾಗಿತ್ತು. 2008ರ ಅಕ್ಟೋಬರ್ 28ರಂದು ಕ್ಯಾಸ್ಟ್ರೊ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ನಡೆಯಿತು. ಒಂದು ವಾರದ ನಂತರ, ನವೆಂಬರ್ 4ರಂದು, ಅದೇ ಕ್ಯಾಲಿಫೋರ್ನಿಯಾದ ಮತದಾರರು ಎಂಟನೆಯ ಪ್ರಸ್ತಾವವನ್ನು ಗೆಲ್ಲಿಸಿ ಸಲಿಂಗಿಗಳ ಮದುವೆಗೆ ತಡೆ ಹಾಕಿದರು. ಚಿತ್ರಮಂದಿರಗಳಿಗೆ ಸಿನಿಮಾ ಬಂದದ್ದು ಅದಾದ ಮೂರು ವಾರಗಳಿಗೆ. ಎಂಟನೆಯ ಪ್ರಸ್ತಾವವನ್ನು ವಿರೋಧಿಸಿದವರ ಜಾಹೀರಾತುಗಳಲ್ಲಿ ಸಲಿಂಗಿ ಜೋಡಿಗಳು ಕಾಣಿಸಿಕೊಂಡದ್ದೇ ಅಪರೂಪವಾಗಿದ್ದರಿಂದ, ಕರಪತ್ರದ ಕುರಿತು ಮಿಲ್ಕ್ ಸಿಟ್ಟಾಗುವ ದೃಶ್ಯವನ್ನು ಆ ಚಳಿಗಾಲದಲ್ಲಿ ನೋಡಿದವರಿಗೆ ಅದು ಮೂವತ್ತು ವರ್ಷಗಳ ಹಿಂದಿನ ಮಾತೆಂದು ಅನಿಸಿರಲಾರದು. ಮರುವರ್ಷ ಎಂಟು ಆಸ್ಕರ್ ನಾಮನಿರ್ದೇಶನಗಳಲ್ಲಿ ಎರಡು ಪ್ರಶಸ್ತಿಗಳಾಗಿ ಬಂದವು: ಪೆನ್ ಅವರಿಗೆ ಶ್ರೇಷ್ಠ ನಟ, ಬ್ಲ್ಯಾಕ್ ಅವರಿಗೆ ಮೂಲ ಚಿತ್ರಕಥೆ.

ಹತ್ಯೆಯ ರಾತ್ರಿ ಮೇಣದಬತ್ತಿ ಹಿಡಿದು ಹೊರಟ ಸಾವಿರಾರು ಜನರ ಮೆರವಣಿಗೆಯೊಂದಿಗೆ ಸಿನಿಮಾ ಮುಗಿದು, ಮಿಕ್ಕದ್ದನ್ನು ಪರದೆಯ ಮೇಲಿನ ಬರಹಕ್ಕೆ ಬಿಡುತ್ತದೆ. ಆ ಮಿಕ್ಕದ್ದು ಸಣ್ಣದಲ್ಲ. ಲೋಹಶೋಧಕವನ್ನು ತಪ್ಪಿಸಲು ನೆಲಮಾಳಿಗೆಯ ಕಿಟಕಿಯಿಂದ ಒಳಹೊಕ್ಕು, ಒಬ್ಬರನ್ನು ಕೊಂದ ಮೇಲೆ ರಿವಾಲ್ವರಿಗೆ ಮತ್ತೆ ಗುಂಡು ತುಂಬಿಕೊಂಡು ಇನ್ನೊಬ್ಬರನ್ನು ಕೊಂದ ವೈಟ್‌ನ ಮೇಲಿದ್ದ ಆರೋಪವನ್ನು ನ್ಯಾಯದರ್ಶಿಗಳು ಉದ್ದೇಶಪೂರ್ವಕ ಕೊಲೆಯ ಮಟ್ಟದಿಂದ ಕೆಳಗಿಳಿಸಿದರು. 1979ರ ಮೇ 21ರಂದು ತೀರ್ಪು ಹೊರಬಿತ್ತು. ಶಿಕ್ಷೆ ಏಳು ವರ್ಷ ಎಂಟು ತಿಂಗಳು. ಆ ರಾತ್ರಿ ಪುರಭವನದ ಮುಂದೆ ಪೊಲೀಸ್ ವಾಹನಗಳು ಉರಿದವು, ಪೊಲೀಸರು ಕ್ಯಾಸ್ಟ್ರೊಗೆ ನುಗ್ಗಿ ಮದ್ಯದಂಗಡಿಯೊಂದರಲ್ಲಿದ್ದವರನ್ನು ಬಡಿದರು. ವೈಟ್ ಸುಮಾರು ಐದು ವರ್ಷ ಸೆರೆಯಲ್ಲಿದ್ದು ಹೊರಬಂದು, 1985ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಈ ವಿಚಾರಣೆಯನ್ನೂ, ಆ ರಾತ್ರಿಯನ್ನೂ, ಪೆನ್ ಸಿನಿಮಾ ಬಿಟ್ಟುಬಿಟ್ಟ ಗಿಯರ್‌ಹಾರ್ಟ್ ಅವರ ಮಾತುಗಳನ್ನೂ ರಾಬ್ ಎಪ್‌ಸ್ಟೈನ್ ನಿರ್ದೇಶಿಸಿದ, ಶ್ರೇಷ್ಠ ಸಾಕ್ಷ್ಯಚಿತ್ರವೆಂದು ಆಸ್ಕರ್ ಪಡೆದ 1984ರ ‘ದ ಟೈಮ್ಸ್ ಆಫ್ ಹಾರ್ವಿ ಮಿಲ್ಕ್’ನಲ್ಲಿ ನೋಡಬಹುದು. ಎರಡನ್ನೂ ನೋಡುವ ಮನಸ್ಸಿದ್ದವರು ಮೊದಲು ವ್ಯಾನ್ ಸ್ಯಾಂಟ್ ಸಿನಿಮಾ ನೋಡಲಿ. ಸಾಕ್ಷ್ಯಚಿತ್ರದಲ್ಲಿ ಅಸಲಿ ಮಿಲ್ಕ್ ಮಾತನಾಡುವುದನ್ನು ಒಮ್ಮೆ ಕೇಳಿದವರಿಗೆ ಪೆನ್ ಎಷ್ಟೇ ಚೆನ್ನಾಗಿ ಮಾಡಿದ್ದರೂ ಅಭಿನಯಿಸುತ್ತಿದ್ದಾರೆಂಬುದು ಕಾಣುತ್ತಲೇ ಇರುತ್ತದೆ.