ಪೇಪರ್ ಇಂಗ್ಲಿಷ್ ಕಾರ್ಡ್‌ಗಳು: ಈ ವಾರ ‘ಸ್ಲೂತ್’

ಇಂಗ್ಲಿಷ್ ಪೇಪರಲ್ಲಿ ಬರೋ ಪದಗಳಿಗೆ ಒಂದೊಂದು ಕಾರ್ಡು ಬರೀತೀನಿ, ಈ ವಾರ ಒಂದೇ ಪದ ಮುಗ್ಸಿದ್ದು, ಆದ್ರೆ ಕಾರ್ಡಿನ ಎರಡೂ ಕಡೆ ತುಂಬಿ ಇನ್ನೊಂದು ಕಾರ್ಡು ಪಿನ್ ಮಾಡ್ಬೇಕಾಯ್ತು. ಬೆಂಗಳೂರಿನ ಇಂಗ್ಲಿಷ್ ಪೇಪರ್ ಓದೋರು ನೋಡೇ ಇರ್ತೀರ, ಲೋಕಾಯುಕ್ತ ಸ್ಲೂತ್ಸ್, ಸಿಸಿಬಿ (ನಗರ ಪೊಲೀಸರ ಕೇಂದ್ರ ಅಪರಾಧ ವಿಭಾಗ) ಸ್ಲೂತ್ಸ್ ಅಂತ ರೇಡ್ ಸುದ್ದಿಲಿ ಬರ್ತಾನೇ ಇರತ್ತೆ. ಪಿಯುಸಿ ಓದ್ತಿರೋ ತಂಗಿ ಮಗಳು ಇದು ಪೊಲೀಸ್ ರ‍್ಯಾಂಕಾ ದೊಡ್ಡಮ್ಮ ಅಂತ ಕೇಳಿದ್ಲು. ಅಲ್ಲ, ಅಂಥ ಹುದ್ದೆ ಯಾವ ಇಲಾಖೆಲೂ ಇಲ್ಲ, ಹೆಡ್‌ಲೈನಲ್ಲಿ ‘ಇನ್ವೆಸ್ಟಿಗೇಟರ್ಸ್’ ಹಿಡಿಸೋದು ಕಷ್ಟ, ಇದು ಚಿಕ್ಕದು, ಅದಕ್ಕೇ ಪೇಪರ್‌ನೋರಿಗೆ ಇಷ್ಟ ಅನ್ಸತ್ತೆ.

ಕಾರ್ಡಿನ ಮುಂದ್ಗಡೆ ಹೀಗಿದೆ: ಉಚ್ಚಾರ ‘ಟೂತ್’ ಥರ ‘ಸ್ಲೂತ್’. ಅರ್ಥ ಪತ್ತೇದಾರ. ‘ಸ್ಲೂತಿಂಗ್’ ಅಂದ್ರೆ ಪತ್ತೇದಾರಿಕೆ. ಅರ್ಜಿ, ಕಂಪ್ಲೇಂಟಲ್ಲಿ ಬಳಸ್ಬೇಡಿ, ಅಲ್ಲಿ ‘ಇನ್ವೆಸ್ಟಿಗೇಟಿಂಗ್ ಆಫೀಸರ್’ ಅಂತಲೇ ಬರೀಬೇಕು.

ಹಿಂದ್ಗಡೆ ಬರೆಯೋಕೇ ನಂಗೆ ಜಾಸ್ತಿ ಖುಷಿ ಆಗಿದ್ದು. ಮೂಲ ಸ್ಕ್ಯಾಂಡಿನೇವಿಯಾ ಕಡೆಯ ಹಳೇ ನಾರ್ಸ್ ಭಾಷೆಯ ‘ಸ್ಲೋಥ್’, ಅಂದ್ರೆ ಜಾಡು, ನಾವು ಜಾಡು ಹಿಡಿದು ಹೋದ ಅಂತೀವಲ್ಲ ಅದೇ ಜಾಡು. ಸ್ಕಾಟ್ಲೆಂಡಲ್ಲಿ ವಾಸನೆ ಹಿಡಿದು ಬೆನ್ನಟ್ಟೋ ನಾಯಿಗೆ ಸ್ಲೂತ್‌ಹೌಂಡ್ ಅಂತಿದ್ರು. 14ನೇ ಶತಮಾನದಲ್ಲಿ ಜಾನ್ ಬಾರ್ಬರ್ ಬರೆದ ಕಾವ್ಯದಲ್ಲಿ ಅಂಥ ನಾಯೊಂದು ಸ್ಕಾಟ್ಲೆಂಡ್ ರಾಜ ರಾಬರ್ಟ್ ಬ್ರೂಸ್ ಹಿಂದೆ ಬೀಳತ್ತೆ, ಒಂದಾನೊಂದು ಕಾಲಕ್ಕೆ ಅವನೇ ಸಾಕಿದ್ದ ನಾಯಿ ಅದು ಅಂತಾನೂ ಹೇಳ್ತಾರಂತೆ, ಅವನು ತೊರೆಗೆ ಇಳಿದು ನೀರಲ್ಲೇ ಒಂದಷ್ಟು ದೂರ ನಡೀತಾನೆ, ನಾಯಿಗೆ ವಾಸನೆ ತಪ್ಪಿ ದಡದಲ್ಲೇ ಆಕಡೆ ಈಕಡೆ ಓಡಾಡ್ತಾ ಉಳ್ಕೊಳತ್ತೆ. ನಾಯಿಯ ಹೆಸರು ಮನುಷ್ಯನಿಗೆ ಬಂದಿದ್ದು 19ನೇ ಶತಮಾನದ ಅಮೆರಿಕದಲ್ಲಿ, ಹೌಂಡ್ ಬಿಟ್ಟು ಬರೀ ಸ್ಲೂತ್ ಉಳೀತು.

ಇದು ಗೊತ್ತಾದ್ಮೇಲೆ ಬಳಕೆಯ ವ್ಯತ್ಯಾಸ ಸಲೀಸಾಗಿ ಹೇಳ್ಕೊಡಬಹುದು. ಇಂಗ್ಲೆಂಡ್, ಅಮೆರಿಕದಲ್ಲಿ ಸ್ಲೂತ್ ಅಂದ್ರೆ ಹೆಚ್ಚಾಗಿ ಕಥೆಯ ಪತ್ತೇದಾರ, ಇಲ್ಲಾ ಹವ್ಯಾಸಕ್ಕೆ ಹುಡುಕೋರು, ‘ಅಮೆಚೂರ್ ಸ್ಲೂತ್’, ‘ಇಂಟರ್ನೆಟ್ ಸ್ಲೂತ್’ ಅಂತ. ನಮ್ಮ ಪೇಪರ್‌ಗಳಲ್ಲಿ ಸರ್ಕಾರಿ ಅಧಿಕಾರಿಗಳು ದಾಳಿ ಮಾಡಿದ್ರೂ ಸ್ಲೂತ್ಸೇ. ತಪ್ಪು ಅನ್ನಲ್ಲ, ಇಲ್ಲಿ ಬೇರೂರಿದ ಬಳಕೆ, ಆದ್ರೂ ಬೆಳಗ್ಗೆ ಬಾಗಿಲು ತಟ್ಟಿ ರೇಡ್ ಮಾಡೋರಿಗಿಂತ ತಿಂಗಳುಗಟ್ಟಲೆ ಫೈಲು, ಬ್ಯಾಂಕ್ ಎಂಟ್ರಿ ಜಾಲಾಡಿ ಜಾಡು ಹಿಡಿಯೋರಿಗೇ ಈ ಪದ ಸರಿಯಾಗಿ ಒಪ್ಪತ್ತೆ ಅಂತ ನನ್ನ ಅಭಿಪ್ರಾಯ.

ಕರಡಿ ಗುಂಪಿಗೂ ‘ಸ್ಲೂತ್’ ಅಂತಾರೆ, ಅದು ಸೋಮಾರಿತನದ ‘ಸ್ಲಾತ್’ಗೆ ಸೇರಿದ್ದು, ಬೇರೆ ಪದ, ಅದಕ್ಕೇ ಎರಡನೇ ಕಾರ್ಡು.

ಮುಂದಿನದು ‘ಕ್ಲೂ’. ಮೊದಲು ಅದಕ್ಕೆ ನೂಲಿನ ಉಂಡೆ ಅಂತ ಅರ್ಥ ಇತ್ತು, ಗ್ರೀಕ್ ಕಥೆಯ ಥೀಸಿಯಸ್ ಚಕ್ರವ್ಯೂಹದಂಥ ಜಾಗದಿಂದ ನೂಲು ಹಿಡ್ಕೊಂಡು ಆಚೆ ಬರ್ತಾನಲ್ಲ, ಅಲ್ಲಿಂದ ಸುಳಿವು ಅನ್ನೋ ಅರ್ಥ ಬಂತು. ಕಾರ್ಡಲ್ಲಿ ಆ ಉಂಡೆಯ ಚಿತ್ರ ಬರೆಯೋದು ತಂಗಿ ಮಗಳ ಕೆಲಸ.