ಎರಡು ಉಣ್ಣೆ ದಾರ

ಇವತ್ತು ಆಫೀಸ್ ಮುಗಿಸಿ ಸೀದಾ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬರ್ಕ್ಲಿ ದಡಕ್ಕೆ ಹೋದೆ. ಹಾಯಿದೋಣಿಗಳ ಸಂಜೆ ರೇಸ್. ನಮ್ಮದು 24 ಅಡಿಯ ದೋಣಿ, ಐದು ಜನ. ನನ್ನ ಕೈಗೆ ಕೊಟ್ಟಿದ್ದು ಮುಂದಿನ ಹಾಯಿಯ ಹಗ್ಗ.

ಆ ಹಾಯಿಯ ಎರಡೂ ಬದಿಗೆ ಗೇಣುದ್ದದ ಉಣ್ಣೆ ದಾರ ಅಂಟಿಸಿರುತ್ತಾರೆ. ಎರಡೂ ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ಸರಿ. ಗಾಳಿ ಬರುವ ಕಡೆಯ ದಾರ ಮೇಲೆದ್ದು ಕುಣಿದರೆ ಹಗ್ಗ ಬಿಗಿ ಮಾಡಬೇಕು. ಆಚೆ ಬದಿಯದು ಒದ್ದಾಡಿದರೆ ಸ್ವಲ್ಪ ಸಡಿಲ ಬಿಡಬೇಕು. ದೋಣಿ ವಾಲಿ, ಉಪ್ಪುನೀರು ಮುಖಕ್ಕೆ ರಾಚಿದರೂ ಕಣ್ಣು ಮಾತ್ರ ದಾರದ ಮೇಲೇ.

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಳನಾಡು ಕಾದಷ್ಟೂ ಕೊಲ್ಲಿಯ ಬಾಯಾದ ಗೋಲ್ಡನ್ ಗೇಟ್ ಕಡೆಯಿಂದ ತಣ್ಣನೆ ಗಾಳಿ ಜಾಸ್ತಿ ನುಗ್ಗುತ್ತದೆ. ಜುಲೈ ಅಂತ ಟೀ ಶರ್ಟಲ್ಲಿ ಬಂದವರನ್ನು ದೇವರೇ ಕಾಪಾಡಬೇಕು.

"ರೆಡಿನಾ?" ಅಂತ ಚುಕ್ಕಾಣಿ ಹಿಡಿದವರು ಕೂಗುತ್ತಾರೆ. ದೋಣಿ ತಿರುಗುತ್ತದೆ. ಹಾಯಿಯ ಅಡ್ಡಕಂಬ ತಲೆ ಮೇಲೆ ಬೀಸಿ ಹೋಗುತ್ತದೆ, ಬಗ್ಗದಿದ್ದರೆ ಮುಗೀತು. ಈ ಹಗ್ಗ ಬಿಟ್ಟು, ಆ ಹಗ್ಗ ವಿಂಚಿಗೆ, ಅಂದರೆ ಹಗ್ಗ ಬಿಗಿ ಮಾಡುವ ರಾಟೆಗೆ, ಸುತ್ತಿ ಎಳೆಯಬೇಕು. ಮತ್ತೆ ದಾರ.

ದಿನವಿಡೀ ಸರ್ವರ್‌ಗಳ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡ್ ನೋಡುವ ಕೆಲಸ ನನ್ನದು. ಅಲ್ಲಿ ರಾಶಿ ಗ್ರಾಫ್ ಇದ್ದರೂ ಏನು ಮಾಡೋಣ ಅಂತ ಮೀಟಿಂಗ್ ಕರೆಯುತ್ತೇವೆ. ಇಲ್ಲಿ ಎರಡೇ ದಾರ, ಕೂಡಲೇ ಉತ್ತರ. ಹೋಲಿಸುವುದು ಅನ್ಯಾಯ, ಗೊತ್ತು. ಸರ್ವರ್‌ಗೆ ಉಣ್ಣೆ ಅಂಟಿಸೋಕೆ ಆಗಲ್ಲ ಅಲ್ವಾ.

ಕೊನೆಯಿಂದ ಎರಡನೆಯವರಾಗಿ ಮುಗಿಸಿದೆವು. ಮುಂದಿನ ವಾರ ಒಬ್ಬರು ಬರುವುದಿಲ್ಲವಂತೆ. ಸ್ವಲ್ಪ ದಪ್ಪಗಿರುವ ಗೆಳೆಯರು ಯಾರಾದರೂ ಬರ್ತೀರಾ? ದೋಣಿ ಜಾಸ್ತಿ ವಾಲದಂತೆ ಗಾಳಿ ಬರುವ ಕಡೆಯ ಅಂಚಲ್ಲಿ ಕಾಲು ಇಳಿಬಿಟ್ಟು ಸುಮ್ನೆ ಕೂತರೆ ಸಾಕು. ತಿಂಡಿ ನನ್ನ ಲೆಕ್ಕ.