ಒಲೆ ಹಚ್ಚದ ಕ್ರಿಸ್‌ಮಸ್

ಡಿಸೆಂಬರ್ 24ರ ಸಂಜೆ ಅಮ್ಮ ಬಾಗಿಲಿಗೂ ಅಂಗಳಕ್ಕೂ ನಾಲ್ಕು ಸಲ ಓಡಾಡಿದಳು. ಜಗಲಿಗೆ ಕಟ್ಟಿದ ಕಾಗದದ ನಕ್ಷತ್ರಕ್ಕೆ ದೀಪ ಹಾಕಬೇಕಿತ್ತು, ಆದರೆ ಕತ್ತಲೆಯೇ ಆಗುತ್ತಿರಲಿಲ್ಲ. "ಎಂತ ಮಾರಾಯ್ತಿ ಇದು, ಇಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಅಂದಾಜೇ ಇಲ್ಲವಾ?" ಎಂದಳು. ಮೆಲ್ಬರ್ನ್‌ನಲ್ಲಿ ಆ ದಿನಗಳಲ್ಲಿ ಹೊತ್ತು ಮುಳುಗುವುದೇ ರಾತ್ರಿ ಎಂಟೂಮುಕ್ಕಾಲಿಗೆ. ಸಂಜೆ ಆರರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬಂದಾಗ ಕಾರು ನಿಲ್ಲಿಸಿದ ಜಾಗದ ಡಾಂಬರು ಚಪ್ಪಲಿಯ ಅಡಿಗೆ ಇನ್ನೂ ಬಿಸಿಯಾಗಿತ್ತು. ಕಿನ್ನಿಗೋಳಿ ಕಡೆಯ ನಮ್ಮೂರಿನಲ್ಲಿ ನಡುರಾತ್ರಿಯ ಪೂಜೆಗೆ ಇಬ್ಬನಿ ಬೀಳುತ್ತದೆಂದು ತಲೆಗೆ ಸೆರಗು ಹೊದ್ದು ಹೋಗುತ್ತಿದ್ದವಳು ಅಮ್ಮ. ಇಲ್ಲಿ ಬಿಸಿಲಿಗೆ ಸೆರಗು ಹೊದ್ದಳು.

ನಾನು ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಅಮ್ಮ ಮೂರು ತಿಂಗಳಿಗೆಂದು ಬಂದದ್ದು ಇದೇ ಮೊದಲು. ಬಂದ ವಾರವೇ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಕಟ್ಟಲು ಕೂತಳು. ಊರಿನಲ್ಲಿ ಗೋದಲಿಯ ಹುಲ್ಲಿಗೆ ರಾಗಿ ಬಿತ್ತುತ್ತಾರೆ. ಈ ದೇಶಕ್ಕೆ ಬೀಜ ತರುವಂತಿಲ್ಲವಾದ್ದರಿಂದ ಇಲ್ಲಿಯ ಗೋಧಿಯನ್ನೇ ತಟ್ಟೆಯಲ್ಲಿ ಬಿತ್ತಿದಳು. ಒಂದು ಗೇಣು ಹಸಿರು ಎದ್ದು ನಿಂತಿತ್ತು. 22ನೇ ತಾರೀಕು ಬೀಸಿದ ಒಂದೇ ಮಧ್ಯಾಹ್ನದ ಬಿಸಿಗಾಳಿಗೆ ಕಿಟಕಿಯ ಬಳಿಯಿದ್ದ ಅಷ್ಟೂ ಪೈರು ಬಾಡಿ ಹಳದಿಯಾಯಿತು. ನನಗೆ ಅಳುವೇ ಬಂತು. ಅಮ್ಮ ಬಾಡಿದ ಹುಲ್ಲನ್ನೇ ಕುರಿಗಳ ಮುಂದೆ ಹರಡಿದಳು. "ಬೆತ್ಲೆಹೇಮಿನಲ್ಲಿ ಮತ್ತೆ ಹಸಿರು ಗದ್ದೆ ಇತ್ತಾ?" ಎಂದು ಕೇಳಿದಳು. ಚಿಕ್ಕಂದಿನಲ್ಲಿ ನಾವು ಅದೇ ಗೋದಲಿಯ ಮೇಲೆ ಹಿಮವೆಂದು ಹತ್ತಿ ಅಂಟಿಸುತ್ತಿದ್ದದ್ದು ನೆನಪಾಯಿತು. ಕರಾವಳಿಯ ಸೆಕೆಯಲ್ಲಿ ಕೂತು ಹಿಮದ ಕಾರ್ಡು ಕಳಿಸಿದವರು ನಾವು. ಈಗ ಬೇಸಿಗೆಯ ಕ್ರಿಸ್‌ಮಸ್ ಬಂತೆಂದು ಬೆರಗಾಗುವುದಕ್ಕೆ ಕಾರಣವೇ ಇರಲಿಲ್ಲ.

ಆದರೂ ಒಂದು ವಿಷಯ ನಿಜವಾಗಿಯೂ ಬೇರೆ. ಊರಿನ ಯಾವ ಕ್ರಿಸ್‌ಮಸ್ಸಿನಲ್ಲೂ ಅಮ್ಮ ಕೂತು ಉಂಡದ್ದನ್ನು ನಾನು ಕಂಡಿಲ್ಲ. ನೆನಪು ಮಾಡಿಕೊಂಡರೆ ಕಾಣುವುದು ಬೆನ್ನು: ಒಲೆಯ ಕಡೆ ತಿರುಗಿದ, ರವಿಕೆ ಒದ್ದೆಯಾದ ಬೆನ್ನು. ಕಿಡಿಯೊ ಕರಿಯುವುದು, ನೆವ್ರಿಗೆ ಹೂರಣ ತುಂಬುವುದು, ಸನ್ನ ಬೇಯಿಸುವುದು, ಬಂದವರಿಗೆ ಬಡಿಸುವುದು. ಎಲ್ಲರದೂ ಆದ ಮೇಲೆ ಅಡುಗೆಮನೆಯ ಮಣೆಯ ಮೇಲೆ ಒಂದು ತಟ್ಟೆ.

ಈ ಸಲ ಹವಾಮಾನದವರು 25ಕ್ಕೆ 37 ಡಿಗ್ರಿ ಎಂದಿದ್ದರು. ಅಂಥ ದಿನ ಇಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಹಬ್ಬದ ಊಟವೆಲ್ಲ ತಣ್ಣಗೆ. ಅಮ್ಮನಿಗೆ ಇದನ್ನು ಒಪ್ಪಿಸಿದ್ದು ನಾನಲ್ಲ, ಪಕ್ಕದ ಮನೆಯ ಅಜ್ಜಿ. ಹಿಂದಿನ ದಿನ ಬೇಲಿಯ ಮೇಲಿಂದ ಅವರು ಒಂದು ಗಾಜಿನ ಬಟ್ಟಲು ಚಾಚಿದರು. ಅದರಲ್ಲಿ ಮೊಟ್ಟೆಯ ಆರು ಹಳದಿ ಭಂಡಾರಗಳು, ಒಂದೂ ಒಡೆದಿರಲಿಲ್ಲ, ಬೇಲಿಯ ನೆರಳು ದಾಟಿದ ಕೂಡಲೇ ಚಿನ್ನದ ಪದಕಗಳ ಹಾಗೆ ಹೊಳೆದವು. ಬಿಳಿಯ ಭಾಗ ಅವರ ಪಾವ್ಲೋವಾಕ್ಕೆ ಹೋಗಿತ್ತು. ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಡನೆ ನೊರೆ ಬರಿಸಿ, ಸಣ್ಣ ಉರಿಯ ಓವನ್‌ನಲ್ಲಿ ಒಂದೂವರೆ ಗಂಟೆ ಒಣಗಿಸಿದ ಹಾಗೆ ಬೇಯಿಸಿ, ರಾತ್ರಿಯಿಡೀ ಅಲ್ಲೇ ತಣಿಯಲು ಬಿಡುವ ತಿಂಡಿ ಅದು. ಮರುದಿನ ಮೇಲೆ ಕೆನೆ, ಹಣ್ಣು. 1926ರಲ್ಲಿ ಇಲ್ಲಿಗೆ ಬಂದಿದ್ದ ರಷ್ಯಾದ ನರ್ತಕಿ ಆನಾ ಪಾವ್ಲೋವಾಳ ಹೆಸರು ಅದಕ್ಕೆ. ಮೊದಲು ಮಾಡಿದ್ದು ತಾವು ಎಂದು ಆಸ್ಟ್ರೇಲಿಯಾದವರೂ ನ್ಯೂಜಿಲೆಂಡಿನವರೂ ಇವತ್ತಿಗೂ ಜಗಳವಾಡುತ್ತಾರೆ. ಅಮ್ಮ ಆ ಆರು ಭಂಡಾರಕ್ಕೆ ಎರಡು ಇಡೀ ಮೊಟ್ಟೆ ಸೇರಿಸಿ, ಆ ರಾತ್ರಿಯೇ ಕ್ಯಾರಮೆಲ್ ಪುಡ್ಡಿಂಗ್ ಮಾಡಿ ಫ್ರಿಜ್ಜಿನಲ್ಲಿಟ್ಟಳು. ಬಫಾತ್, ನಮ್ಮ ಕಡೆಯ ಹಂದಿ ಮಾಂಸದ ಮಸಾಲೆ ಸಾರು, ಅದಕ್ಕೂ ಮೊದಲೇ ಆಗಿತ್ತು. ಸನ್ನಗಳೂ ಬೆಂದು ಡಬ್ಬಿ ಸೇರಿದ್ದವು, ಸೆಕೆಗೆ ಹಿಟ್ಟು ಎರಡೇ ಗಂಟೆಯಲ್ಲಿ ಉಬ್ಬಿತ್ತು.

ಹಬ್ಬದ ಬೆಳಿಗ್ಗೆ ಏಳಕ್ಕೇ ಆಲ್ಟೋನಾದ ಕಡಲಿಗೆ ಹೋದೆವು, ಬಿಸಿಲು ಏರುವ ಮೊದಲು ಮುಗಿಸಬೇಕೆಂದು. ಮರಳಿನ ಮೇಲೆ ಆಗಲೇ ಡೇರೆಗಳು, ಕೆಂಪು ಟೊಪ್ಪಿ ಹಾಕಿಕೊಂಡು ಈಜುವ ಮಕ್ಕಳು. ಅಮ್ಮ ಸೀರೆ ಎತ್ತಿ ಹಿಡಿದು ಪಾದ ಇಟ್ಟವಳು "ಅಯ್ಯೋ ದೇವರೇ" ಎಂದು ಹಿಂದಕ್ಕೆ ಹಾರಿದಳು. ನಮ್ಮ ಸಮುದ್ರದ ನೀರು ಡಿಸೆಂಬರಿನಲ್ಲೂ ಬೆಚ್ಚಗೆ. ಇಲ್ಲಿ ಗಾಳಿ ಕೆಂಡ, ನೀರು ಮಂಜು. ಆಮೇಲೆ ಮೆಲ್ಲ ಮೆಲ್ಲ ಮೊಣಕಾಲಿನವರೆಗೆ ಹೋದಳು. ಸಸಿಹಿತ್ಲು ಕಡಲು ನಮ್ಮ ಮನೆಯಿಂದ ಏನೂ ದೂರವಲ್ಲ, ಆದರೂ ಕ್ರಿಸ್‌ಮಸ್ ದಿನ ಸಮುದ್ರ ನೋಡುತ್ತಿರುವುದು ಜೀವಮಾನದಲ್ಲಿ ಮೊದಲ ಸಲ ಎಂದಳು. ಅರ್ಧ ಗಂಟೆ ಹಾಗೇ ನಿಂತಿದ್ದಳು. ನಾನು ಕರೆಯಲಿಲ್ಲ.

ಮಧ್ಯಾಹ್ನ ಹಿತ್ತಿಲಲ್ಲಿ ಹದಿನೆಂಟು ಮಂದಿ. ಉಡುಪಿಯ ಗೆಳೆಯ ಇದ್ದಿಲಿನ ಮೇಲೆ ಬಂಗುಡೆ ಸುಡುತ್ತೇನೆಂದು ಒಂದು ತಿಂಗಳಿಂದ ಹೇಳುತ್ತಿದ್ದ. ಆದರೆ ಆ ದಿನ ರಾಜ್ಯಕ್ಕೆ ಬೆಂಕಿ ನಿಷೇಧ ಘೋಷಣೆಯಾಗಿತ್ತು: ಕಟ್ಟಿಗೆ, ಇದ್ದಿಲು ಹಚ್ಚುವಂತೆಯೇ ಇಲ್ಲ. ಗ್ಯಾಸಿನ ಬಾರ್ಬೆಕ್ಯೂ ಆದರೆ ಸುತ್ತ ಮೂರು ಮೀಟರ್ ಒಣಗಿದ್ದೇನೂ ಇರಬಾರದು, ನೀರಿನ ಪೈಪು ಅಥವಾ ಕನಿಷ್ಠ 10 ಲೀಟರ್ ನೀರು ಪಕ್ಕದಲ್ಲಿರಬೇಕು, ದೊಡ್ಡವರೊಬ್ಬರು ಬಿಟ್ಟು ಕದಲಬಾರದು. ಅವನು ಬಕೆಟ್ಟಿನ ಪಕ್ಕ ಕುರ್ಚಿ ಹಾಕಿಕೊಂಡು ಅಷ್ಟೂ ಮೀನು ಸುಟ್ಟ. ಪಕ್ಕದ ಮನೆಯವರು ತಂದ ಹ್ಯಾಮ್, ಮಂಜುಗಡ್ಡೆಯ ಮೇಲೆ ಹರಡಿದ ಬೇಯಿಸಿದ ಸಿಗಡಿ, ಚೆರ್ರಿ, ಕ್ವೀನ್ಸ್‌ಲ್ಯಾಂಡಿನ ಮಾವು. ದಾವಣಗೆರೆಯ ಗೆಳತಿ ತಂದದ್ದು ದೊಡ್ಡ ಪಾತ್ರೆ ತುಂಬ ಮೊಸರನ್ನ, ದಾಳಿಂಬೆ ಉದುರಿಸಿ. ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅದೇ. ಅಜ್ಜಿಯ ಮನೆಯವರೇ ಎರಡೆರಡು ಸಲ ಹಾಕಿಸಿಕೊಂಡರು.

ಅಮ್ಮ ಮೇಜಿನ ತಲೆಯಲ್ಲಿ ಕೂತಿದ್ದಳು. ಎರಡು ತುದಿ ಹಿಡಿದು ಎಳೆದರೆ ಪಟ್ ಎಂದು ಒಡೆಯುವ ಕಾಗದದ ಕೊಳವೆಯೊಳಗಿಂದ ಬಂದ ಹಳದಿ ಕಿರೀಟ ಅವಳ ತಲೆಯ ಮೇಲಿತ್ತು. ಎರಡು ಸಲ ಏಳಲು ಹೋದಳು. ಎರಡು ಸಲವೂ ಅಜ್ಜಿ ಮೊಣಕೈ ಹಿಡಿದು ಕೂರಿಸಿದರು.

ಅಜ್ಜಿಯ ಮಗ ಬಿಯರ್ ಮುಟ್ಟಿರಲಿಲ್ಲ. ಅವನು ಸಿಎಫ್‌ಎ, ಅಂದರೆ ಹಳ್ಳಿಗಾಡಿನ ಅಗ್ನಿಶಾಮಕ ದಳದ ಸ್ವಯಂಸೇವಕ. ವಾರದ ದಿನಗಳಲ್ಲಿ ಮರಗೆಲಸ. ನಾವಿರುವ ಮೆಲ್ಟನ್ನಿನ ಆಚೆಗೆ ಒಣಹುಲ್ಲಿನ ಬಯಲೇ ಬಯಲು. ತಟ್ಟೆಯ ಪಕ್ಕದಲ್ಲಿಟ್ಟಿದ್ದ ಪೇಜರ್ ಮೂರರ ಸುಮಾರಿಗೆ ಕೂಗಿತು. ಅವನು ಬಾಯಲ್ಲಿದ್ದದ್ದನ್ನು ನುಂಗಿ, ತಾಯಿಯ ನೆತ್ತಿಗೆ ಮುತ್ತು ಕೊಟ್ಟು, ಓಡಿದ. ತಟ್ಟೆಯಲ್ಲಿ ಅರ್ಧ ಬಂಗುಡೆ ಉಳಿದಿತ್ತು. ಅಮ್ಮ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.

ಆಮೇಲೆ ಮಕ್ಕಳು ಕ್ರಿಕೆಟ್ ಆಡಿದರು, ಗಂಡಸರು ನೆರಳಲ್ಲಿ ನಿದ್ದೆ ಹೋದರು, ಪಾವ್ಲೋವಾ ಮುಗಿಯಿತು, ಪುಡ್ಡಿಂಗ್ ಮುಗಿಯಿತು. ಎಲ್ಲರೂ ಕಾಯುತ್ತಿದ್ದದ್ದು ಒಂದಕ್ಕೇ: ಸಂಜೆ ತಂಪು ಗಾಳಿ ಬರುತ್ತದೆ ಎಂದಿದ್ದರು. ಮೆಲ್ಬರ್ನ್‌ನ ಬೇಸಿಗೆಯಲ್ಲಿ ಒಳನಾಡಿನಿಂದ ಬರುವ ಬಡಗಣ ಗಾಳಿ ದಿನವಿಡೀ ಸುಡುತ್ತದೆ, ಆಮೇಲೆ ಒಮ್ಮೆಲೇ ನೈಋತ್ಯದಿಂದ ಕಡಲ ಕಡೆಯ ಗಾಳಿ ನುಗ್ಗುತ್ತದೆ. ಆರೂವರೆಗೆ ಅದು ಬಂತು. ಬಾಗಿಲುಗಳು ಧಡಾರನೆ ಬಡಿದವು, ಮೇಜಿನ ಹಾಸು ಉಲ್ಟಾ ಹಾರಿತು, ಅರ್ಧ ಗಂಟೆಯಲ್ಲಿ ಸೆಕೆ 37ರಿಂದ 22ಕ್ಕೆ ಇಳಿಯಿತು. ಮಕ್ಕಳು ಕೈ ಚಾಚಿ ಕುಣಿದರು. ನಾನೂ ಹೋ ಎಂದು ಕೂಗಿದೆ.

ಅಜ್ಜಿ ಮಾತ್ರ ಬೇಲಿ ಹಿಡಿದು ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ನಾನು ಹತ್ತಿರ ಹೋದಾಗ ಮೆಲ್ಲನೆ ಹೇಳಿದರು. ಬಡಗಣ ಗಾಳಿಗೆ ಬೆಂಕಿ ಉದ್ದಕ್ಕೆ, ಕಿರಿದಾಗಿ ಓಡುತ್ತದೆ. ಗಾಳಿ ತಿರುಗಿದ ಕೂಡಲೇ ಅದರ ಉದ್ದನೆಯ ಪಕ್ಕೆಯೇ ಮುಖವಾಗುತ್ತದೆ, ಬದಿಯಲ್ಲಿ ನಿಂತು ನಂದಿಸುವವರು ಅದರ ಬಾಯಿಗೆ ಬೀಳುತ್ತಾರೆ. 1998ರ ಡಿಸೆಂಬರ್ 2ರಂದು ಲಿಂಟನ್ ಎಂಬ ಊರಿನ ಬಳಿ ಹೀಗೆಯೇ ಗಾಳಿ ತಿರುಗಿ ಐವರು ಸ್ವಯಂಸೇವಕರು ತೀರಿಕೊಂಡರು. ಅವರು ಗೀಲಾಂಗ್ ವೆಸ್ಟ್ ದಳದವರು. ಹನ್ನೊಂದು ವರ್ಷದಿಂದ ಈ ತಂಪು ಗಾಳಿಗೆ ಚಪ್ಪಾಳೆ ತಟ್ಟಿದ್ದೇನೆ. ಅದೇ ಹೊತ್ತಿನಲ್ಲಿ ಬೇಲಿಯ ಆಚೆ ಒಬ್ಬ ತಾಯಿ ಉಸಿರು ಹಿಡಿದು ನಿಲ್ಲುತ್ತಿದ್ದರೆಂದು ನನಗೆ ತಿಳಿದೇ ಇರಲಿಲ್ಲ.

ಅಮ್ಮನಿಗೆ ಕೊಂಕಣಿಯಲ್ಲಿ ಹೇಳಿದೆ. ಅವಳಿಗೆ ಹೆಚ್ಚು ವಿವರ ಬೇಕಾಗಲಿಲ್ಲ. "ಗಾಳಿ ಎದ್ದ ದಿನ ದೋಣಿ ಬಾರದಿದ್ದರೆ ಮೊಗವೀರರ ಮನೆಯಲ್ಲೂ ಹೀಗೇ" ಎಂದಳು. ಅಜ್ಜಿಯನ್ನು ಕರೆದುಕೊಂಡು ಬಂದು ಜಗಲಿಯ ಬೆಂಚಿನಲ್ಲಿ ಕೂರಿಸಿ, ತಾನೂ ಕೂತು, ಜಪಮಾಲೆ ತೆಗೆದಳು. ಒಬ್ಬರಿಗೆ ಕೊಂಕಣಿ, ಕನ್ನಡ, ತುಳು. ಇನ್ನೊಬ್ಬರಿಗೆ ಇಂಗ್ಲಿಷ್ ಮಾತ್ರ. ಅಮ್ಮನ ಬಲಗೈಯಲ್ಲಿ ಮಣಿಗಳು ಸರಿಯುತ್ತಿದ್ದವು, ಎಡಗೈ ಅಜ್ಜಿಯ ಅಂಗೈಯೊಳಗಿತ್ತು. ಎಂಟೂಕಾಲಿಗೆ ಅಜ್ಜಿಯ ಫೋನಿಗೆ ಎರಡು ಶಬ್ದದ ಸಂದೇಶ ಬಂತು. ಕ್ಷೇಮ, ಬರುತ್ತಿದ್ದೇನೆ.

ಅಷ್ಟರಲ್ಲಿ ಊರಿನಿಂದ ಚಿಕ್ಕಮ್ಮನ ವಿಡಿಯೊ ಕರೆ. ಇಲ್ಲಿಗಿಂತ ಅಲ್ಲಿ ಐದೂವರೆ ಗಂಟೆ ಹಿಂದೆ. ಚಿಕ್ಕಮ್ಮ ಆಗಷ್ಟೇ ಪಾತ್ರೆ ತೊಳೆದು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. "ಅಕ್ಕಾ, ನೀನು ಎಂತ ಮಾಡಿದಿ ಇವತ್ತು?" "ಎಂತ ಇಲ್ಲ. ಕೂತದ್ದು. ಸಮುದ್ರ ನೋಡಿದ್ದು. ಇನ್ನೂ ಕತ್ತಲೆಯಾಗಲಿಲ್ಲ, ನಕ್ಷತ್ರ ಹಚ್ಚಲಿಕ್ಕುಂಟು" ಎಂದಳು ಅಮ್ಮ.

ಒಂಬತ್ತು ದಾಟಿದ ಮೇಲೆ ಅವನು ಬಂದ. ಕಣ್ಣಿನ ಸುತ್ತ ಬಿಟ್ಟರೆ ಮುಖವೆಲ್ಲ ಮಸಿ, ಮೈಯೆಲ್ಲ ಸುಟ್ಟ ಹುಲ್ಲಿನ ವಾಸನೆ. ಜಗಲಿಯ ನಕ್ಷತ್ರದ ಕೆಂಪು ಬೆಳಕಿನಲ್ಲಿ ತಾಯಿ ಅವನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದರು. ಅವನು ಮುಚ್ಚಿಟ್ಟ ತಟ್ಟೆಯ ಕಡೆ ಕೈ ಚಾಚಿದ.

"ತಣ್ಣಗಿನದು ಬೇಡ ಮಗಾ" ಎಂದು ಕನ್ನಡದಲ್ಲೇ ಹೇಳಿ, ಕಾಗದದ ಕಿರೀಟ ತಲೆಯ ಮೇಲಿರುವುದನ್ನು ಮರೆತು, ಅಮ್ಮ ಒಳಗೆ ಹೋಗಿ ಒಲೆ ಹಚ್ಚಿ ಬಫಾತಿನ ಪಾತ್ರೆ ಇಟ್ಟಳು.